ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು: ವಿಶೇಷ ಅಗತ್ಯವಿರುವ ಮಕ್ಕಳನ್ನು ಬಳಗಕ್ಕೆ ಸೇರಿಸಿಕೊಳ್ಳುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ನಾವು ಕೆಲವರು ಸೇರಿ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಮಕ್ಕಳ ಬಳಗ ನಡೆಸುತ್ತೇವೆ. ಆಟ, ಹಾಡು, ಮಣ್ಣಿನ ಕೆಲಸ, ವರ್ಷಕ್ಕೆ ಎರಡು ಪ್ರವಾಸ, ಬೇಸಿಗೆ ಸೂಟಿಯಲ್ಲಿ ಒಂದು ಶಿಬಿರ. 6 ವರ್ಷದವರಿಂದ 17ರವರೆಗಿನ ಮಕ್ಕಳು ಬರುತ್ತಾರೆ. ಅವರಲ್ಲಿ ಕೆಲವರಿಗೆ ನಡೆಯಲು, ನೋಡಲು, ಕೇಳಲು, ಮಾತಾಡಲು ಅಥವಾ ಕಲಿಯಲು ತೊಂದರೆ ಇದೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಯುವಕ ಸಂಘದವರು, ಸ್ಕೌಟ್ ಮಾಸ್ತರರು, ಶಿಬಿರ ನಡೆಸುವವರು ನಮ್ಮನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಚಿಕ್ಕವರಿದ್ದಾಗ ಓಣಿಯಲ್ಲಿ ಆಡುವಾಗ ತೀರಾ ಸಣ್ಣ ಮಕ್ಕಳನ್ನು "ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂತ ಸೇರಿಸಿಕೊಳ್ಳುತ್ತಿದ್ದೆವು, ಅಲ್ವಾ? ಅವರು ಓಡಬಹುದು, ಕೂಗಬಹುದು. ಆದರೆ ಔಟ್ ಆಗುವುದಿಲ್ಲ, ಪಾಯಿಂಟೂ ಸಿಗುವುದಿಲ್ಲ. ಮೂರು ವರ್ಷದ ತಮ್ಮನಿಗೆ ಅದು ಸಾಕು. ಹನ್ನೆರಡು ವರ್ಷದ ಹುಡುಗಿಗೆ ಅದು ನೋವಿನ ವಿಷಯ. ಕೆಳಗಿನ ಉತ್ತರಗಳನ್ನು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆದಿದ್ದೇನೆ.

ವಿಶೇಷ ಅಗತ್ಯವಿರುವ ಮಕ್ಕಳು ಅಂದರೆ ಯಾರು?

ಈ ಮಾತು ಕೇಳಿದ ಕೂಡಲೇ ಬಹಳ ಜನರಿಗೆ ವೀಲ್‌ಚೇರ್ ಮಾತ್ರ ನೆನಪಾಗುತ್ತದೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ 21 ಇವೆ. ಆಟಿಸಂ (ಜನರ ಜೊತೆ ಬೆರೆಯುವುದು, ಮಾತುಕತೆ ಕಷ್ಟವಾಗುವ ಸ್ಥಿತಿ), ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈ ಹಿಡಿತಕ್ಕೆ ಸಿಗದಿರುವುದು), ಓದು-ಬರಹ ಕಲಿಯುವ ತೊಂದರೆ, ಮಾತಿನ ತೊಂದರೆ, ರಕ್ತದ ಕಾಯಿಲೆಗಳಾದ ಥಲಸೇಮಿಯಾ, ಹಿಮೋಫಿಲಿಯಾ ಎಲ್ಲವೂ ಆ ಪಟ್ಟಿಯಲ್ಲಿವೆ. ಎಷ್ಟೋ ತೊಂದರೆಗಳು ಹೊರಗೆ ಕಾಣುವುದೇ ಇಲ್ಲ. "ಬಲು ಉಡಾಳ, ಹೇಳಿದ್ದು ಕೇಳಲ್ಲ" ಅಂತ ನೀವು ಮನೆಗೆ ಕಳಿಸಿದ ಹುಡುಗ ಇವರಲ್ಲಿ ಒಬ್ಬನಾಗಿರಬಹುದು.

ಏನಂತ ಕರೆಯಬೇಕು ಅಂತಲೂ ಕೇಳುತ್ತಾರೆ. ಸರ್ಕಾರಿ ಕಾಗದಗಳಲ್ಲಿ ಅಂಗವಿಕಲ, ವಿಕಲಚೇತನ, ದಿವ್ಯಾಂಗ ಅಂತ ಬೇರೆ ಬೇರೆ ಪದಗಳಿವೆ. ಮೈದಾನದಲ್ಲಿ ಇವು ಯಾವುವೂ ಬೇಡ. ಹೆಸರು ಹಿಡಿದು ಕರೆಯಿರಿ.

ಸೇರಿಸಿಕೊಳ್ಳುವ ಮೊದಲು ಸರ್ಟಿಫಿಕೇಟ್ ನೋಡಬೇಕಾ?

ಬೇಡ. ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಬೇಕಾಗುವುದು ಸರ್ಕಾರದ ಸೌಲಭ್ಯಗಳಿಗೆ. ಅವುಗಳಲ್ಲಿ ಹೆಚ್ಚಿನವಕ್ಕೆ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರಬೇಕು. ಲಗೋರಿ ಆಡಲು ಶೇಕಡಾ ಲೆಕ್ಕ ಯಾಕೆ?

ಮನೆಯವರಿಗೆ ಕಾರ್ಡ್ ಮಾಡಿಸುವ ದಾರಿ ಗೊತ್ತಿಲ್ಲದಿದ್ದರೆ ನೀವು ಸಹಾಯ ಮಾಡಬಹುದು. ಜಿಲ್ಲೆಯಲ್ಲಿ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿ ಇರುತ್ತದೆ. ಹಳ್ಳಿಗಳಲ್ಲಾದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಜನ ಅವರನ್ನು ವಿಆರ್‌ಡಬ್ಲ್ಯು ಅನ್ನುತ್ತಾರೆ.

ಅಪ್ಪ-ಅಮ್ಮನ ಹತ್ತಿರ ಏನು ಕೇಳಬೇಕು?

ಕಾಯಿಲೆಯ ಹೆಸರಿನಿಂದ ಶುರು ಮಾಡಬೇಡಿ. ಆ ತಾಯಿ ಅದನ್ನು ನೂರು ಜನರ ಮುಂದೆ ಹೇಳಿ ಸೋತಿರುತ್ತಾಳೆ. "ನಿಮ್ಮ ಮಗನಿಗೆ ಏನಂದ್ರೆ ಇಷ್ಟ?" ಅಂತ ಕೇಳಿ. ಒಮ್ಮೆ ಒಬ್ಬ ತಾಯಿ ಈ ಪ್ರಶ್ನೆಗೆ ಉತ್ತರ ಕೊಡಲು ಸ್ವಲ್ಪ ಹೊತ್ತು ತೆಗೆದುಕೊಂಡರು. "ಇದನ್ನ ಯಾರೂ ಕೇಳಿದ್ದಿಲ್ರಿ" ಅಂದರು. ಆಮೇಲೆ ಅರ್ಧ ತಾಸು ಮಾತಾಡಿದರು.

ನಂತರ ದಿನದ ಕೆಲಸಗಳ ಬಗ್ಗೆ ಕೇಳಿ. ಊಟ ತಾನೇ ಮಾಡುತ್ತಾನಾ? ನುಂಗಲು ತೊಂದರೆ ಇದೆಯಾ? ಬಾತ್‌ರೂಮಿಗೆ ಹೋಗಬೇಕಾದಾಗ ಹೇಗೆ ತಿಳಿಸುತ್ತಾನೆ? ಯಾವುದಕ್ಕೆ ಹೆದರುತ್ತಾನೆ? ಅತ್ತರೆ ಏನು ಮಾಡಿದರೆ ಸಮಾಧಾನ ಆಗುತ್ತದೆ? ಫಿಟ್ಸ್ ಬರುತ್ತದಾ? ಗುಳಿಗೆ ಯಾವ ಹೊತ್ತಿಗೆ? ಗುಂಪು ಬಿಟ್ಟು ಓಡುವ ಅಭ್ಯಾಸ ಇದೆಯಾ? ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಹಾಳೆಯನ್ನು ಆ ದಿನ ಮಗುವಿನ ಜೊತೆ ಇರುವವರಿಗೆ ಮಾತ್ರ ತೋರಿಸಿ. ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ.

ಊಟದ ವಿಷಯ ಸಣ್ಣದು ಅನ್ನಿಸಬಹುದು, ಆದರೆ ಅಲ್ಲ. ನಮ್ಮ ಕಡೆ ಮಕ್ಕಳು ಸೇರಿದರೆ ಗಿರಮಿಟ್, ಚುರುಮುರಿ, ಶೇಂಗಾ ಬರಲೇಬೇಕು. ಸೆರೆಬ್ರಲ್ ಪಾಲ್ಸಿ ಇರುವ ಕೆಲವು ಮಕ್ಕಳಿಗೆ ಅಗಿಯಲು, ನುಂಗಲು ಕಷ್ಟ. ಶೇಂಗಾ ಗಂಟಲಲ್ಲಿ ಸಿಕ್ಕರೆ ಉಸಿರು ಕಟ್ಟುತ್ತದೆ. ಯಾವ ತಿಂಡಿ ನಡೆಯುತ್ತದೆ ಅಂತ ಮನೆಯವರನ್ನೇ ಕೇಳಿ ತನ್ನಿ. ನೆಟ್ಟಗೆ ಕೂರಿಸಿ, ಅವಸರ ಮಾಡದೆ ತಿನ್ನಿಸಿ.

ಕೊನೆಗೆ ಮಗುವನ್ನೂ ಕೇಳಿ. ಇದನ್ನು ಎಲ್ಲರೂ ಮರೆಯುತ್ತಾರೆ. ಮಗು ಪಕ್ಕದಲ್ಲೇ ಕೂತಿರುವಾಗ ಅದರ ತಲೆಯ ಮೇಲಿಂದ ದೊಡ್ಡವರಷ್ಟೇ ಮಾತಾಡುತ್ತೇವೆ.

ನಮ್ಮಲ್ಲಿ ಯಾರಿಗೂ ತರಬೇತಿ ಇಲ್ಲ. ಹೇಗೆ ಶುರು ಮಾಡುವುದು?

ನಾವೂ ಹಾಗೇ ಶುರು ಮಾಡಿದ್ದು. ನೀವು ಚಿಕಿತ್ಸೆ ಕೊಡಬೇಕಿಲ್ಲ, ಮಕ್ಕಳನ್ನು ಆಡಿಸಬೇಕು. ಅದು ನಿಮಗೆ ಬರುತ್ತದೆ.

ಕೇಳಿ ತಿಳಿಯಲು ಜನ ಹತ್ತಿರದಲ್ಲೇ ಇದ್ದಾರೆ. ತಾಲ್ಲೂಕಿನ ಬಿಆರ್‌ಸಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ಸಮನ್ವಯ ಶಿಕ್ಷಣ ನೋಡಿಕೊಳ್ಳುವ ಬಿಐಇಆರ್‌ಟಿ ಶಿಕ್ಷಕರು ಇರುತ್ತಾರೆ. ಈ ಮಕ್ಕಳ ಜೊತೆ ಕೆಲಸ ಮಾಡುವುದೇ ಅವರ ಕೆಲಸ. ಫಿಟ್ಸ್, ವರ್ತನೆ ಇಂಥ ವಿಷಯಗಳಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಮತ್ತು ನರರೋಗಗಳ ಆಸ್ಪತ್ರೆ ಇದೆ. ಆದರೆ ಒಂದು ಮಗುವಿನ ಬಗ್ಗೆ ಎಲ್ಲರಿಗಿಂತ ಜಾಸ್ತಿ ಗೊತ್ತಿರುವುದು ಅದರ ಅಮ್ಮನಿಗೆ, ಅಜ್ಜಿಗೆ, ಅಣ್ಣನಿಗೆ. ಮೊದಲ ಎರಡು ವಾರ ಅವರಲ್ಲಿ ಒಬ್ಬರು ಮೈದಾನದ ಹತ್ತಿರ ಇರಲಿ. ಮೂರನೇ ವಾರದಿಂದ ಮನೆಗೆ ಕಳಿಸಿ. ಆ ತಾಯಿಗೂ ಎರಡು ತಾಸು ಬಿಡುವು ಬೇಕು.

ಒಂದೇ ಸಲ ಹತ್ತು ಮಕ್ಕಳನ್ನು ಸೇರಿಸಿಕೊಳ್ಳಬೇಡಿ. ಒಬ್ಬರು, ಇಬ್ಬರಿಂದ ಶುರು ಮಾಡಿ.

ಓಡಲು ಆಗದ ಮಗುವನ್ನು ಓಡುವ ಆಟಕ್ಕೆ ಹೇಗೆ ಸೇರಿಸುವುದು?

ನಾನು ಮಾಡಿದ ತಪ್ಪಿನಿಂದಲೇ ಹೇಳುತ್ತೇನೆ. ಮೊದಲ ವರ್ಷ ನಮ್ಮಲ್ಲಿಗೆ ಕಾಲಿಗೆ ಕ್ಯಾಲಿಪರ್ (ಆಸರೆಯ ಸಾಧನ) ಹಾಕಿಕೊಂಡು ನಡೆಯುವ ಒಬ್ಬ ಹುಡುಗ ಬರುತ್ತಿದ್ದ. ಅವನ ಕೈಗೆ ಸೀಟಿ ಕೊಟ್ಟು ಅಂಪೈರ್ ಮಾಡಿದೆ. ಪ್ರತಿ ವಾರ ಅವನೇ ಅಂಪೈರ್. ಒಳ್ಳೆಯ ಕೆಲಸ ಮಾಡಿದೆ ಅಂತ ನನಗೆ ಸಮಾಧಾನ. ಮೂರು ತಿಂಗಳಾದ ಮೇಲೆ ಅವನು ಬಂದು ಕೇಳಿದ, "ಅಕ್ಕಾರ, ನಾ ಯಾವಾಗ ಔಟ್ ಆಗೂದ್ರಿ?"

ಅವತ್ತಿನಿಂದ ಸೀಟಿ ಸರದಿಯ ಮೇಲೆ ಎಲ್ಲರ ಕೈಗೂ ಹೋಗುತ್ತದೆ.

ಲಗೋರಿಯಲ್ಲಿ ಅವನು ಚೆಂಡು ಎಸೆಯುವ ಗೆರೆ ಎರಡು ಹೆಜ್ಜೆ ಮುಂದೆ ಬಂತು. ಕಲ್ಲು ಜೋಡಿಸುವುದರಲ್ಲಿ ಅವನ ಕೈ ಚುರುಕು. ಹಾಗಾಗಿ ಅವನು ಕಲ್ಲಿನ ಹತ್ತಿರವೇ ಇರುತ್ತಾನೆ, ಜೊತೆಗಾರ ಚೆಂಡಿಗೆ ಅಡ್ಡ ನಿಲ್ಲುತ್ತಾನೆ. ಚೆಂಡು ಜೊತೆಗಾರನಿಗೆ ಬಡಿದರೂ ಇವನಿಗೆ ಬಡಿದರೂ ಇಬ್ಬರೂ ಔಟ್. ವೀಲ್‌ಚೇರ್ ಇದ್ದರೆ ಗಾಲಿಗೆ ಬಡಿದರೂ ಔಟ್. ಈ ನಿಯಮಗಳಲ್ಲಿ ಅರ್ಧದಷ್ಟನ್ನು ಮಾಡಿದ್ದು ಮಕ್ಕಳೇ. "ಎಲ್ಲರೂ ಆಡೋ ಹಂಗ ಹೆಂಗ ಮಾಡೂಣು?" ಅಂತ ಕೇಳಿ ಸುಮ್ನೆ ಕೂತುಬಿಡಿ. ನಮಗೆ ಹೊಳೆಯದ್ದು ಅವರಿಗೆ ಹೊಳೆಯುತ್ತದೆ.

ಖೋಖೋ ಕಿವಿ ಕೇಳದ ಮಕ್ಕಳಿಗೆ ಹೇಳಿ ಮಾಡಿಸಿದಂಥ ಆಟ. ಖೋ ಕೊಡುವಾಗ ಬೆನ್ನು ಮುಟ್ಟುತ್ತೇವಲ್ಲ, ಅದೇ ಸಾಕು. ಕುಕ್ಕರುಗಾಲಿನಲ್ಲಿ ಕೂರಲು ಆಗದವರು ಸ್ಟೂಲಿನ ಮೇಲೆ ಕೂರಲಿ. ಕಬಡ್ಡಿಯಲ್ಲಿ ಮಾತು ಬಾರದ ಹುಡುಗ ರೈಡ್ ಹೋದಾಗ ಅವನ ತಂಡದ ಒಬ್ಬ ಗೆರೆಯ ಮೇಲೆ ನಿಂತು "ಕಬಡ್ಡಿ ಕಬಡ್ಡಿ" ಅನ್ನುತ್ತಾನೆ. ಅವನ ಉಸಿರು ತುಂಡಾದರೆ ಇವನು ಔಟ್. ಇಬ್ಬರೂ ಕಣ್ಣಲ್ಲೇ ಮಾತಾಡಿಕೊಳ್ಳುವುದನ್ನು ನೀವು ನೋಡಬೇಕು!

ಒಂದು ಎಚ್ಚರಿಕೆ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ, ಕಲಿಕೆ ನಿಧಾನವಾಗುವ ಸ್ಥಿತಿ) ಇರುವ ಕೆಲವು ಮಕ್ಕಳಿಗೆ ಕುತ್ತಿಗೆಯ ಮೇಲಿನ ಮೂಳೆಗಳ ಜೋಡಣೆ ಸಡಿಲ ಇರುತ್ತದೆ. ವೈದ್ಯರನ್ನು ಕೇಳದೆ ಲಾಗ ಹಾಕಿಸುವುದು, ಶೀರ್ಷಾಸನ ಮಾಡಿಸುವುದು, ಕುಸ್ತಿ ಆಡಿಸುವುದು ಬೇಡ.

ನಿಯಮ ಬದಲಿಸಿದರೆ ಉಳಿದ ಮಕ್ಕಳಿಗೆ ಬೇಜಾರಾಗಲ್ವಾ?

ಬೇಕಂತಲೇ ಸೋತು ಗೆಲ್ಲಿಸಿದರೆ ಬೇಜಾರಾಗುತ್ತದೆ. ಆ ಮಗುವಿಗೂ ಅದು ಗೊತ್ತಾಗುತ್ತದೆ. ಆದರೆ ಆಟ ಬಿಗಿಯಾಗಿದ್ದರೆ ನಿಯಮ ಹಳೆಯದೋ ಹೊಸದೋ ಅಂತ ಮಕ್ಕಳು ನೋಡುವುದಿಲ್ಲ. ಓಣಿಗೊಂದು ನಿಯಮ ಮೊದಲಿನಿಂದಲೂ ಇತ್ತು.

"ಅವ ಯಾಕ ಹಂಗ ಮಾಡ್ತಾನ್ರಿ?" ಅಂತ ಮಕ್ಕಳು ಕೇಳಿದರೆ ಏನು ಹೇಳುವುದು?

ನಿಜ ಹೇಳಿ, ಚಿಕ್ಕದಾಗಿ ಹೇಳಿ. "ಅವನಿಗೆ ಗದ್ದಲ ಆದ್ರೆ ಕಿವಿ ನೋಯುತ್ತೆ, ಅದಕ್ಕೆ ಮುಚ್ಚಿಕೊಳ್ತಾನೆ." ಇಷ್ಟು ಸಾಕು. "ಹಂಗೆಲ್ಲಾ ಕೇಳಬಾರದು" ಅಂತ ಬಾಯಿ ಮುಚ್ಚಿಸಿದರೆ ಅದೇನೋ ನಾಚಿಕೆಯ ವಿಷಯ ಅಂತ ಅವರು ಕಲಿಯುತ್ತಾರೆ. "ಪಾಪ" ಅನ್ನುವ ಮಾತನ್ನೂ ಬಿಟ್ಟುಬಿಡಿ. ದೊಡ್ಡವರ ಬಾಯಿಂದ ಅದು ಬಹಳ ಬೇಗ ಬರುತ್ತದೆ. ಪಾಪ ಅನ್ನಿಸಿಕೊಂಡವನ ಜೊತೆ ಯಾರೂ ಜಗಳ ಆಡುವುದಿಲ್ಲ. ಜಗಳ ಇಲ್ಲದೆ ಗೆಳೆತನ ಎಲ್ಲಿಯದು?

ಆಟಿಸಂ ಇರುವ ಮಗು ಗದ್ದಲದಲ್ಲಿ ಚೀರುತ್ತದೆ, ಓಡುತ್ತದೆ. ಏನು ಮಾಡುವುದು?

ಚೀರುವುದು ಹಟ ಅಲ್ಲ. ಶಬ್ದ, ಬೆಳಕು, ಗುಂಪು ತಡೆಯಲಾಗದೆ ಹೊಮ್ಮುವ ಸಂಕಟ ಅದು. ಹೋಳಿಯ ಹಲಗೆ ಸದ್ದು ನಮಗೆ ಹುರುಪು ತರುತ್ತದೆ. ಅದೇ ಸದ್ದು ಕೆಲವು ಮಕ್ಕಳಿಗೆ ತಲೆಯೊಳಗೇ ಬಡಿದ ಹಾಗಾಗುತ್ತದೆ. ಗಣಪತಿ ಮೆರವಣಿಗೆಯ ಡಿಜೆಯಂತೂ ಕೇಳುವುದೇ ಬೇಡ.

ಬರುವ ಮೊದಲೇ ಅವತ್ತು ಏನೇನು ನಡೆಯುತ್ತದೆ ಅಂತ ಚಿತ್ರದಲ್ಲಿ ತೋರಿಸಿ. ನಾವು ರಟ್ಟಿನ ಮೇಲೆ ನಾಲ್ಕು ಚಿತ್ರ ಅಂಟಿಸುತ್ತೇವೆ: ಹಾಡು, ಆಟ, ತಿಂಡಿ, ಮನೆ. ಒಂದು ಮುಗಿದ ಕೂಡಲೇ ಆ ಚಿತ್ರವನ್ನು ಮಗುವೇ ತಿರುಗಿಸಿ ಇಡುತ್ತದೆ. ಆಟ ನಿಲ್ಲಿಸುವ ಐದು ನಿಮಿಷ ಮೊದಲೇ ಹೇಳಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಉತ್ತರ ಬರಲಿಲ್ಲ ಅಂತ ನಾವು ಬೇಗ ಮುಂದೆ ಹೋಗಿಬಿಡುತ್ತೇವೆ.

ಒಂದು ಶಾಂತ ಮೂಲೆ ಇರಲಿ. ಮರದ ಕೆಳಗೆ ಹಾಸಿದ ಒಂದು ಚಾಪೆಯಾದರೂ ಸಾಕು. ಅಲ್ಲಿಗೆ ಯಾವ ಮಗುವಾದರೂ ಹೋಗಿ ಕೂರಬಹುದು. ಶಿಕ್ಷೆ ಕೊಡಲು ಆ ಮೂಲೆಯನ್ನು ಬಳಸಲೇಬೇಡಿ. ಸಂಕಟ ಜಾಸ್ತಿ ಆದಾಗ ಸುತ್ತ ನೆರೆದವರನ್ನು ದೂರ ಕಳಿಸಿ. ಒಬ್ಬರೇ ಹತ್ತಿರ ಇದ್ದು, ಮಾತು ಕಡಿಮೆ ಮಾಡಿ.

ಇದನ್ನು ದಯವಿಟ್ಟು ನೆನಪಿಡಿ: ಆಟಿಸಂ ಇರುವ ಮಕ್ಕಳಲ್ಲಿ ಹಲವರಿಗೆ ನೀರಿನ ಸೆಳೆತ ಬಹಳ. ಕೆಲಗೇರಿ ಕೆರೆಗೋ ಉಣಕಲ್ ಕೆರೆಗೋ ಹೋದರೆ ಆ ಮಗುವಿಗಾಗಿ ಒಬ್ಬ ದೊಡ್ಡವರು ಬೇಕೇ ಬೇಕು. ಅವರಿಗೆ ಬೇರೆ ಯಾವ ಕೆಲಸವನ್ನೂ ಹೇಳಬೇಡಿ, ಫೋಟೋ ತೆಗೆಯುವುದನ್ನೂ. ಮಗು ಕಾಣಲಿಲ್ಲ ಅಂದರೆ ಮೊದಲು ನೀರಿನ ಕಡೆ ಓಡಿ.

ಫಿಟ್ಸ್ ಬಂದರೆ?

ಗಾಬರಿಯಾಗುತ್ತದೆ, ಅದು ಸಹಜ. ಮೊದಲು ಗಡಿಯಾರ ನೋಡಿ. ಸುತ್ತಲಿನ ಕಲ್ಲು, ಬೆಂಚು ಸರಿಸಿ. ತಲೆಯ ಕೆಳಗೆ ಮೆತ್ತಗಿನ ಬಟ್ಟೆ ಇಡಿ. ಎಂಜಲು ಹೊರಗೆ ಹರಿಯುವ ಹಾಗೆ ಒಂದು ಮಗ್ಗುಲಿಗೆ ಮಲಗಿಸಿ. ಕೈಕಾಲು ಒತ್ತಿ ಹಿಡಿಯಬೇಡಿ. ಬಾಯೊಳಗೆ ಚಮಚ, ಬಟ್ಟೆ, ಬೆರಳು ಏನನ್ನೂ ಹಾಕಬೇಡಿ. ಪೂರ್ತಿ ಎಚ್ಚರ ಆಗುವ ತನಕ ನೀರು ಕುಡಿಸಬೇಡಿ.

ಕೈಗೆ ಕಬ್ಬಿಣದ ಕೀಲಿ ಕೊಡುವುದು, ಉಳ್ಳಾಗಡ್ಡಿ ಅಥವಾ ಚಪ್ಪಲಿ ಮೂಸಿಸುವುದು ನಮ್ಮ ಕಡೆ ಇನ್ನೂ ಇದೆ. ಅದರಿಂದ ಏನೂ ಉಪಯೋಗ ಇಲ್ಲ. ಹೆಚ್ಚಿನ ಸಲ ಫಿಟ್ಸ್ ಕೆಲವೇ ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಕೀಲಿ ಕೊಟ್ಟದ್ದಕ್ಕೇ ನಿಂತಿತು ಅಂತ ಜನ ತಿಳಿಯುತ್ತಾರೆ.

5 ನಿಮಿಷ ದಾಟಿದರೆ, ಎಚ್ಚರ ಆಗುವ ಮೊದಲೇ ಇನ್ನೊಮ್ಮೆ ಬಂದರೆ, ಪೆಟ್ಟಾಗಿದ್ದರೆ, ಉಸಿರಾಟ ಕಷ್ಟ ಆದರೆ ಅಥವಾ ಇದೇ ಮೊದಲ ಸಲ ಆಗಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಆಮೇಲೆ ಮಗುವಿಗೆ ನಿದ್ದೆ ಬರುತ್ತದೆ, ಮಲಗಲು ಬಿಡಿ. ಚಡ್ಡಿ ಒದ್ದೆಯಾಗಿದ್ದರೆ ಯಾರಿಗೂ ಕಾಣದ ಹಾಗೆ ಬದಲಿಸಿ. ಮುಂದಿನ ವಾರ ಬಂದಾಗ ಎಂದಿನ ಹಾಗೆ ಆಟಕ್ಕೆ ಕರೆಯಿರಿ.

ಕಣ್ಣು ಕಾಣದ ಮಕ್ಕಳಿಗೆ ಏನು ಮಾಡಿಸಬಹುದು?

ಗದಗಿನವರು ಈ ಪ್ರಶ್ನೆ ಕೇಳಿದಾಗ ನಾನು ವೀರೇಶ್ವರ ಪುಣ್ಯಾಶ್ರಮದ ಕಡೆ ತೋರಿಸುತ್ತೇನೆ. ಪಂಚಾಕ್ಷರಿ ಗವಾಯಿಗಳಿಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜರು ಹಾಡಿದರು, ಹಲವು ವಾದ್ಯ ನುಡಿಸಿದರು, ಪುಸ್ತಕ ಬರೆದರು, ಆಶ್ರಮ ನಡೆಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಆ ಆಶ್ರಮದಲ್ಲಿ ಕಣ್ಣು ಕಾಣದ ಎಷ್ಟೋ ಮಕ್ಕಳು ಸಂಗೀತ ಕಲಿತು ಹೊರಬಂದಿದ್ದಾರೆ. ಅಲ್ಲಿ ಶ್ರುತಿ ತಪ್ಪಿದರೆ ತಿದ್ದುತ್ತಾರೆ, ಮತ್ತೆ ಹಾಡಿಸುತ್ತಾರೆ. ನಮಗೂ ಆ ಧೈರ್ಯ ಬೇಕು.

ಹಾಗಂತ ಕಣ್ಣು ಕಾಣದ ಮಗು ಅಂದ ಕೂಡಲೇ ಹಾಡಲು ಕೂರಿಸಬೇಡಿ. ನಮ್ಮ ಬಳಗದ ಒಬ್ಬ ಹುಡುಗಿಗೆ ಹಾಡು ಬೇಡ, ಕ್ರಿಕೆಟ್ ಬೇಕು. ಅಂಧರ ಕ್ರಿಕೆಟ್‌ನ ಪ್ಲಾಸ್ಟಿಕ್ ಚೆಂಡಿನೊಳಗೆ ಛರ್ರೆ ಇರುತ್ತವೆ, ಉರುಳಿದರೆ ಸದ್ದಾಗುತ್ತದೆ. ಅದು ಸಿಗುವ ತನಕ ನಾವು ಸಾದಾ ಚೆಂಡನ್ನು ಚರಚರ ಅನ್ನುವ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟುತ್ತಿದ್ದೆವು. ಚೌಕಾಬಾರಕ್ಕೆ ಮನೆಗಳ ಗೆರೆಯ ಮೇಲೆ ದಾರ ಅಂಟಿಸಿ. ಕವಡೆ ಬೋರಲು ಬಿತ್ತೋ ಅಂಗಾತ ಬಿತ್ತೋ ಅಂತ ಬೆರಳಿಗೇ ಗೊತ್ತಾಗುತ್ತದೆ.

ಕೈ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈ ಕೊಡಿ, ಅವರು ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಬಿಟ್ಟು ಹೋಗುವಾಗ "ಹೋಗ್ತೀನಿ" ಅಂತ ಹೇಳಿ ಹೋಗಿ.

ಕಿವಿ ಕೇಳದವರಿಗೆ?

ಎದುರಿಗೆ, ಬೆಳಕಿನಲ್ಲಿ ನಿಂತು ಮಾತಾಡಿ. ಬಾಯಿಗೆ ಕೈ ಅಡ್ಡ ಬೇಡ. ಒಂದು ಸಲಕ್ಕೆ ಒಬ್ಬರೇ ಮಾತಾಡಿ. ಸೀಟಿಯ ಜೊತೆ ಬಾವುಟವನ್ನೂ ಎತ್ತಿ. ಕಿವಿ ಮಷಿನ್ ಹಾಕಿದ ಕೂಡಲೇ ಎಲ್ಲವೂ ಸ್ಪಷ್ಟ ಕೇಳುತ್ತದೆ ಅಂತ ತಿಳಿಯಬೇಡಿ. ಮೈದಾನದಲ್ಲಿ ಗದ್ದಲವೂ ದೊಡ್ಡದಾಗಿ ಕೇಳುತ್ತದೆ. ಸನ್ನೆ ಭಾಷೆ ಬಲ್ಲ ಮಗು ಬಂದರೆ ಅದೇ ಎಲ್ಲರಿಗೂ ವಾರಕ್ಕೆ ಐದು ಸನ್ನೆ ಕಲಿಸಲಿ.

ಪ್ರವಾಸಕ್ಕೆ ವೀಲ್‌ಚೇರ್ ಇರುವ ಮಗುವನ್ನು ಹೇಗೆ ಕರೆದೊಯ್ಯುವುದು?

ಮೊದಲು ನೀವೊಬ್ಬರೇ ಹೋಗಿ ನೋಡಿ ಬನ್ನಿ. ಮೆಟ್ಟಿಲು ಎಷ್ಟು, ಶೌಚಾಲಯದ ಬಾಗಿಲಿನ ಅಗಲ ಎಷ್ಟು, ನೆರಳು ಎಲ್ಲಿದೆ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ ಅನುಕೂಲ. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿವೆ. ಸಾದಾ ಬಸ್ಸಿನ ಎತ್ತರದ ಮೆಟ್ಟಿಲಿಗೆ ಹೋಲಿಸಿದರೆ ಎಷ್ಟೋ ಹಗುರ.

ಹಲಗೆ ಇಟ್ಟು ಇಳಿಜಾರು ಮಾಡುವುದಾದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಬಹಳ ಕಡೆ ಮೂರು ಅಡಿಯ ಹಲಗೆ ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ಅಂಥದ್ದರ ಮೇಲೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಕುರ್ಚಿಯ ಸಮೇತ ಎತ್ತಬೇಕಾದರೆ ಆ ಮಗುವನ್ನು ಕೇಳಿ ಎತ್ತಿ. ಕುರ್ಚಿ ಅವರ ಮೈಯ ಭಾಗ ಇದ್ದ ಹಾಗೆ.

ಲಕ್ಕುಂಡಿಗೆ ಹೋದಾಗ ಮುಸುಕಿನ ಬಾವಿಯ ಮೆಟ್ಟಿಲು ಇಳಿಯಲು ಎಲ್ಲರೂ ಓಡಿದರು. ವೀಲ್‌ಚೇರಿನ ಹುಡುಗಿ ಎಲ್ಲರ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಮೇಲೆ ಕೂತಿದ್ದಳು. ಅವಳೇನೂ ಅನ್ನಲಿಲ್ಲ. ಆದರೆ ಆ ಚೀಲಗಳ ರಾಶಿ ನನ್ನ ಕಣ್ಣಿನಿಂದ ಹೋಗಿಲ್ಲ. ಈಗ ಅಂಥ ಜಾಗದಲ್ಲಿ ಗುಂಪು ಎರಡಾಗುತ್ತದೆ. ಅರ್ಧ ಮಕ್ಕಳು ಇಳಿಯುತ್ತಾರೆ, ಅರ್ಧ ಮಕ್ಕಳು ಮೇಲೆ ಕೂತು ಕೆತ್ತನೆಯ ಚಿತ್ರ ಬಿಡಿಸುತ್ತಾರೆ. ಆಮೇಲೆ ಅದಲು ಬದಲು. ಚೀಲ ಕಾಯುವ ಕೆಲಸ ದೊಡ್ಡವರದ್ದು.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ರಾಕ್ ಗಾರ್ಡನ್ ನಮಗೆ ಬಹಳ ಹಿಡಿಸಿತು. ಹಳ್ಳಿ ಬದುಕಿನ ಆಳೆತ್ತರದ ಶಿಲ್ಪಗಳಿವೆ. ಕಣ್ಣು ಕಾಣದ ಮಕ್ಕಳು ಮುಟ್ಟಿ ನೋಡಬಹುದಾ ಅಂತ ಮೊದಲೇ ಕೇಳಿಕೊಂಡು ಹೋಗಿ.

ಬಾತ್‌ರೂಮಿಗೆ ಕರೆದೊಯ್ಯುವುದು, ಬಟ್ಟೆ ಬದಲಿಸುವುದು ಯಾರು?

ಯಾರು ಮಾಡಬೇಕು ಅಂತ ಮನೆಯವರ ಜೊತೆ, ಮಾತಾಡಬಲ್ಲ ಮಗುವಿನ ಜೊತೆ ಮೊದಲೇ ಕೂತು ತೀರ್ಮಾನಿಸಿ. ಹೆಣ್ಣುಮಕ್ಕಳಿಗೆ ಹೆಂಗಸರೇ. ಸಹಾಯ ಮಾಡುವವರು ಒಬ್ಬರಾದರೂ ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಬ್ಬ ದೊಡ್ಡವರು ಇರಬೇಕು. "ಈಗ ಪ್ಯಾಂಟ್ ಏರಿಸ್ತೀನಿ" ಅಂತ ಹೇಳಿಯೇ ಮುಟ್ಟಿ. ಈ ಮಕ್ಕಳು ಹೇಳಿಕೊಳ್ಳಲಾರರು ಅಂತ ತಿಳಿದು ಕಿರುಕುಳ ಕೊಡುವವರು ಇರುತ್ತಾರೆ. ಹಾಗಾಗಿ ಈ ವಿಷಯದಲ್ಲಿ ಸಂಕೋಚ ಬೇಡ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಿದ್ದೂ ತಿಳಿಸದೆ ಇರುವುದೇ ತಪ್ಪು.

ದುಡ್ಡು ಎಷ್ಟು ಬೇಕು?

ಕಡಿಮೆ. ಬಣ್ಣದ ಟೇಪು, ಗೆಜ್ಜೆ, ರಟ್ಟು, ಒಂದೆರಡು ಸ್ಟೂಲು. ಜಾಸ್ತಿ ಬೇಕಾಗುವುದು ಜನ.

15-16 ವರ್ಷದವರನ್ನು ಸಣ್ಣ ಮಕ್ಕಳ ಗುಂಪಿಗೆ ಹಾಕಬಹುದಾ?

"ಬುದ್ಧಿ ಆರು ವರ್ಷದ್ದು" ಅಂತ ಹೇಳಿ ಹಾಗೆ ಮಾಡುವವರು ಬಹಳ ಜನ. ದಯವಿಟ್ಟು ಬೇಡ. ಅವರಿಗೂ ಮೀಸೆ ಬರುತ್ತಿದೆ, ಓರಗೆಯವರ ಜೊತೆ ನಿಂತು ಹರಟೆ ಹೊಡೆಯುವ ಆಸೆ ಇದೆ. ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆ ಮಾಡಿ ಕಲಿಸಿ, ಗುಂಪು ಮಾತ್ರ ಅವರ ವಯಸ್ಸಿನದ್ದೇ ಇರಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮಲ್ಲಿ ಮಣ್ಣು ಹದ ಮಾಡುವ ಜವಾಬ್ದಾರಿ ಡೌನ್ ಸಿಂಡ್ರೋಮ್ ಇರುವ ಒಬ್ಬ ಹುಡುಗನದ್ದು. ಮಣ್ಣು ಗಟ್ಟಿಯಾದರೆ ಎಲ್ಲರೂ ಅವನಿಗೇ ಬೈಯುತ್ತಾರೆ. ಅವನೂ ತಿರುಗಿ ಬೈಯುತ್ತಾನೆ.

ಒಂದು ಮಗುವನ್ನು ಸೇರಿಸಿಕೊಳ್ಳಲು ಆಗುವುದೇ ಇಲ್ಲ ಅನ್ನಿಸಿದರೆ?

ಅಂಥ ಸಂದರ್ಭ ಬರುತ್ತದೆ. ಆಗ "ನಿಮ್ಮ ಮಗು ನಮ್ಮಲ್ಲಿ ಹೊಂದಲ್ಲ" ಅನ್ನಬೇಡಿ. ನಿಮ್ಮಲ್ಲಿ ಏನು ಕಡಿಮೆ ಇದೆ ಅದನ್ನು ಹೇಳಿ. "ನಮಗೆ ಇನ್ನೊಬ್ಬರು ಬೇಕು, ಸಿಕ್ಕ ಕೂಡಲೇ ಫೋನ್ ಮಾಡ್ತೀವಿ" ಅನ್ನಿ. ಆಮೇಲೆ ನಿಜವಾಗಿಯೂ ಹುಡುಕಿ, ಫೋನ್ ಮಾಡಿ. ಕಾಯ್ದೆ ಸೇರಿಸಿಕೊಳ್ಳಿ ಅನ್ನುತ್ತದೆ, 2016ರ ಕಾಯ್ದೆಯಲ್ಲಿ ಆಟೋಟಕ್ಕೇ ಒಂದು ಕಲಂ ಇದೆ. ಆದರೆ ಆ ತಾಯಿ ಕಾಯುವುದು ನಿಮ್ಮ ಫೋನಿಗೆ.

ನಮ್ಮಲ್ಲಿಗೆ ಬರಲು ಆಗದ ಒಬ್ಬ ಹುಡುಗಿ ಇದ್ದಾಳೆ. ಮಲಗಿದಲ್ಲೇ ಇರುತ್ತಾಳೆ, ಗುಂಪು ಕಂಡರೆ ಉಸಿರು ಏರುತ್ತದೆ. ಹಾಗಾಗಿ ಗುರುವಾರ ಸಂಜೆ ಬಳಗದ ಮೂವರು ಮಕ್ಕಳು, ಒಬ್ಬ ದೊಡ್ಡವರು ಅವಳ ಮನೆಗೇ ಹೋಗುತ್ತಾರೆ. ಚೌಕಾಬಾರ ಆಡುತ್ತಾರೆ. ಕವಡೆಯನ್ನು ಅವಳ ಅಂಗೈಯಲ್ಲಿ ಇಡುತ್ತಾರೆ, ಅವಳು ಬೆರಳು ಬಿಚ್ಚಿದರೆ ಅದೇ ಹಾಕಿದ ಹಾಗೆ. ಕಾಯಿ ಯಾವುದು ನಡೆಸಬೇಕು ಅಂತ ಕಣ್ಣಲ್ಲೇ ತೋರಿಸುತ್ತಾಳೆ. ಸೋಲು ಗೆಲುವು ಬರೆದಿಡುವ ನೋಟ್‌ಬುಕ್ ಅವಳ ದಿಂಬಿನ ಪಕ್ಕದಲ್ಲೇ ಇರುತ್ತದೆ. ಕಳೆದ ಗುರುವಾರ ಒಂದು ಆಟ ಗೆದ್ದಳು, ಎರಡು ಸೋತಳು.